ಮಹಡಿಯ ಗಾಜಿನ ಮಬ್ಬು

೧೯೫೮ರ ಬೇಸಿಗೆಯಲ್ಲಿ ಗೋಕಾಕದ ನನ್ನ ಸ್ಟುಡಿಯೋದಿಂದ ಯಮಕನಮರಡಿಗೆ ಕುಸ್ತಿಯ ಫೋಟೋ ತೆಗೆಯಲು ಹೋಗಿದ್ದೆ. ಕಣದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಪೈಲ್ವಾನ ಕರೆಪ್ಪ ಎದುರಿಗಿದ್ದ ತನ್ನ ಮನೆಯ ಮಹಡಿ ತೋರಿಸಿದ. ಅಲ್ಲಿಯ ಕಿಟಕಿ ತೆರೆಯುತ್ತಿರಲಿಲ್ಲ; ಗಾಜಿನ ಮೂಲಕವೇ ತೆಗೆಯಬೇಕಾಯಿತು.

ಉರಿಬಿಸಿಲಿಗೆ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು. ಆದರೂ ನನ್ನ ಎದೆಯೆತ್ತರದಲ್ಲಿ ಅಂಗೈಯಗಲ ಮಬ್ಬು ಕವಿದಿತ್ತು. ಒರೆಸಿದೆ, ಮತ್ತೆ ಕವಿಯಿತು. ಅಲ್ಲಿ ಮಾತ್ರ ಗಾಜು ತಣ್ಣಗಿತ್ತು. ಕೋಣೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಹಾಗೆಯೇ ನಾಲ್ಕು ಫೋಟೋ ತೆಗೆದೆ.

ಸ್ಟುಡಿಯೋದಲ್ಲಿ ಫಿಲ್ಮ್ ತೊಳೆದು ನೋಡಿದರೆ ಮೂರರಲ್ಲಿ ಕರೆಪ್ಪನ ಮುಖದ ಮೇಲೆಯೇ ಮಬ್ಬು. ಬೇರೆ ಕಾಗದದ ಮೇಲೆ ಪ್ರಿಂಟ್ ಹಾಕಿದೆ, ನೆಗೆಟಿವ್ ತಿದ್ದಿದೆ, ಹೋಗಲಿಲ್ಲ. ಫೋಟೋ ಒಯ್ಯಲು ಅವನು ಸ್ಟುಡಿಯೋಗೆ ಬಂದಾಗ ಸಂಕೋಚದಿಂದ ನಾಲ್ಕನ್ನೂ ಮುಂದಿಟ್ಟೆ.

"ತಪ್ಪಾತ್ರಿ ಪೈಲ್ವಾನ್ರ. ಗಾಜಿನ ಮಬ್ಬು ತೆಗಿಯಾಕ ಆಗಲಿಲ್ಲ."

ಅವನು ಬಹಳ ಹೊತ್ತು ನೋಡಿದ. "ತೆಗೀಬ್ಯಾಡ್ರಿ, ಹಂಗ ಇರಲಿ. ಹೆಣ್ಮಕ್ಕಳು ಕಣಕ್ಕ ಬರಂಗಿಲ್ಲಲ್ರಿ. ನಮ್ಮವ್ವ ಆ ಗಾಜಿಗೆ ಮುಖ ಹಚ್ಚಿ ನನ್ನ ಕುಸ್ತಿ ನೋಡತಿದ್ಲು. ಆಕಿ ತೀರಿಕೊಂಡು ಎರಡು ವರ್ಷ ಆತು."

ನಾಲ್ಕನೆಯ ಫೋಟೋ ನಿಚ್ಚಳವಾಗಿತ್ತು. ಅದಕ್ಕೆ ಗಾಜು ಒರೆಸಲು ನನಗೆ ಪುರಸೊತ್ತೇ ಸಿಕ್ಕಿರಲಿಲ್ಲ. ಎದುರಾಳಿ ಕರೆಪ್ಪನನ್ನು ತಲೆಯ ಮೇಲೆತ್ತಿದ್ದ, ಇನ್ನೇನು ಅವನು ಬೀಳಬೇಕು.

ಕರೆಪ್ಪ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದ.

"ಆವಾಗ ಆಕಿ ಉಸರು ಹಿಡಿದಿರತಾಳ್ರಿ," ಎಂದ.

ಮಬ್ಬಿದ್ದ ಮೂರನ್ನೂ ಧೋತರದ ಸೆರಗಿನಲ್ಲಿ ಸುತ್ತಿಕೊಂಡು ಹೋದ. ನಿಚ್ಚಳವಾದದ್ದು ನನ್ನ ಬಳಿಯೇ ಉಳಿದಿದೆ.