ನಾಲ್ಕು ಬೆರಳು ತಗ್ಗು

"ಗರಗಸ ಕೆಳಗಿಡು! ಅದನ್ನ ಕತ್ತರಿಸೋದಾದ್ರೆ ಮೊದಲು ನನ್ನ ಕತ್ತು ಕತ್ತರಿಸು!"

ಷೆಡ್ಡಿನ ಬಾಗಿಲಲ್ಲಿ ನಿಂತು ತಂದೆ ಕೂಗಿದ ರಭಸಕ್ಕೆ ಮಗನ ಕೈ ಹಾಗೇ ನಿಂತುಬಿಟ್ಟಿತು. ಮಗ ಮೆಕ್ಯಾನಿಕ್. ಊರವರ ಗಾಡಿಗಳನ್ನೆಲ್ಲ ಬಿಚ್ಚಿ ಕಟ್ಟುವವನಿಗೆ ಮನೆಯ ಈ ಹಳೆಯ ಐಷಾರಾಮಿ ಕಾರನ್ನು ಮುಟ್ಟಲು ಮಾತ್ರ ಅಪ್ಪಣೆಯಿರಲಿಲ್ಲ. ತಂದೆ ಹರೆಯದಲ್ಲಿ ಗುಜರಿಯಿಂದ ಎಳೆತಂದು, ಒಂದೊಂದೇ ಭಾಗ ಹುಡುಕಿ ಜೋಡಿಸಿ, ಹೊಸದಾಗಿ ಕೈಹಿಡಿದ ಹೆಂಡತಿಯನ್ನು ಕೂರಿಸಿಕೊಂಡು ಊರೂರು ಸುತ್ತಿದ ಗಾಡಿ ಅದು. ಅದರ ಅಳತೆಯ ಟೈರು ಈಗ ಯಾರೂ ಮಾಡುವುದಿಲ್ಲ. ಇದ್ದವು ಬಿರಿದು ಉದುರುತ್ತಿದ್ದವು. ಈಗ ಸಿಗುವ ಟೈರು ಗಿಡ್ಡ, ಅಗಲ. ಹಾಕಿದರೆ ಗಾಡಿಯ ಅಡಿಚೌಕಟ್ಟಿಗೇ ಉಜ್ಜುತ್ತದೆ. ಸ್ಪ್ರಿಂಗ್ ಹಿಡಿದ ಕೊಂಡಿಗಳನ್ನು ಕತ್ತರಿಸಿ, ಹೊರಕ್ಕೆ ಸರಿಸಿ ಬೆಸೆಯದೆ ಗತ್ಯಂತರವಿರಲಿಲ್ಲ.

"ನನಗೇನು ಚಪಲವಾ ಅಪ್ಪಾ? ಅಮ್ಮನ್ನ ನೋಡು!"

ಅಮ್ಮ ಹಿಂದಿನ ಸೀಟಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮರೆವು ಅವಳಿಂದ ಒಂದೊಂದನ್ನೇ ಕಿತ್ತುಕೊಂಡಿತ್ತು... ಅಡುಗೆ, ನೆರೆಯವರು, ಕೊನೆಗೆ ಹೆತ್ತ ಮಗನ ಮುಖ! ಉಳಿದದ್ದು ಗಂಡ ಮತ್ತು ಈ ಗಾಡಿ. ದಿನಾ ಮಧ್ಯಾಹ್ನ ಬಂದು ಹತ್ತಿ ಕೂರುವಳು. ಗಾಡಿ ಅಲುಗದಿದ್ದಾಗ ಬಿಕ್ಕಿ ಬಿಕ್ಕಿ ಅಳುವಳು.

"ಯಾಕ್ರೀ ಹೊರಡ್ತಾ ಇಲ್ಲ? ನಾನೇನು ತಪ್ಪು ಮಾಡ್ದೆ? ಒಂದು ಸುತ್ತು ಕರ್ಕೊಂಡು ಹೋಗ್ರೀ..."

ತಂದೆ ಬಾಗಿಲು ಬಿಟ್ಟು ಒಳಬಂದ. "ಕತ್ತರಿಸೋ... ಆದ್ರೆ ನನ್ನ ಕಣ್ಣೆದುರಿಗೆ ಬೇಡ" ಎಂದು ಹೆಂಡತಿಯನ್ನು ರಮಿಸಿ ಒಳಗೆ ಕರೆದೊಯ್ದ.

ಮಗ ಹಗಲೆಲ್ಲ ನೆಲಕ್ಕೆ ಬೆನ್ನು ಹಚ್ಚಿ ದುಡಿದ. ಬೆಸುಗೆಯ ಕಿಡಿ ತೋಳು ಸುಟ್ಟರೂ ಲೆಕ್ಕಿಸಲಿಲ್ಲ. ಚಕ್ರಗಳು ಎಡಕ್ಕೂ ಬಲಕ್ಕೂ ಎಲ್ಲಿಯೂ ತಾಗದೆ ತಿರುಗಿದಾಗ ಅವನ ಎದೆಯಲ್ಲೊಂದು ಹುಚ್ಚು ಆಸೆ... ಗಾಡಿ ಓಡಿದರೆ, ಇದೇ ಸೀಟಿನಲ್ಲಿ ಮಡಿಲಲ್ಲಿ ಮಲಗಿಸಿಕೊಂಡಿದ್ದ ಕೂಸು ಅಮ್ಮನಿಗೆ ನೆನಪಾಗಬಹುದೇ?

ಹೊರಡುವ ದಿನ ತಂದೆ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಬಂದ. ಅಮ್ಮ ಅಭ್ಯಾಸದಂತೆ ಗಾಡಿಯ ಮೆಟ್ಟಿಲಿಗೆ ಕಾಲೆತ್ತಿ ಇಟ್ಟಳು. ಗಿಡ್ಡ ಟೈರಿನ ಮೇಲೆ ಗಾಡಿ ನಾಲ್ಕು ಬೆರಳು ತಗ್ಗಿತ್ತು! ಮೆಟ್ಟಿಲಿರಬೇಕಾದಲ್ಲಿ ಬರೀ ಗಾಳಿ. ಮುಗ್ಗರಿಸಿದವಳನ್ನು ಗಂಡ ಹಿಡಿದುಕೊಂಡ. ಅವಳು ಬೆಚ್ಚಿ ಹಿಂದೆ ಸರಿದಳು.

"ಇದು ನಮ್ಮ ಗಾಡಿ ಅಲ್ಲ!"

"ನಮ್ದೇ ಕಣೇ..."

"ಸುಳ್ಳು! ನಮ್ಮದನ್ನ ಏನು ಮಾಡಿದ್ರಿ?"

ಮಗ ಕುಸಿದು ಕೂತ. "ಅಪ್ಪಾ, ಕೊಂಡಿ, ಟೈರು ಎಲ್ಲಾ ಮೊದಲಿನ ಹಾಗೇ ವಾಪಸ್ ಕೂರಿಸ್ಲಾ?"

"ಕೂರಿಸಿದ್ರೆ ಓಡಲ್ಲ. ಓಡಿದ್ರೆ ಅವಳದಲ್ಲ. ನಾವು ಎಲ್ಲಿಗೆ ಹೋಗೋಣ ಮಗನೇ?"

ತಂದೆ ಅಂಗೈಯಿಂದ ಮುಖ ಒರೆಸಿಕೊಂಡು, ಹೆಂಡತಿಗೆ ಮಗನನ್ನು ತೋರಿಸಿ ಮೆಲ್ಲಗೆ ಹೇಳಿದ: "ನೀನು ಹೇಳಿದ್ದೇ ನಿಜ ಕಣೇ. ನಮ್ಮದು ಕೆಟ್ಟು ನಿಂತಿದೆ. ಇವರು ಪಾಪ, ಒಂದು ಸುತ್ತು ಕರ್ಕೊಂಡು ಹೋಗ್ತೀನಿ ಅಂದ್ರು. ಬಾ."

ಅಮ್ಮ ಅನುಮಾನದಿಂದಲೇ ಹತ್ತಿ, ಪರರ ಮನೆಯ ಕುರ್ಚಿಯಲ್ಲಿ ಕೂರುವಂತೆ ಸೀಟಿನ ಅಂಚಿಗೆ ಕೂತಳು. ಗಂಡ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದ. ಮಗ ಓಡಿಸಲು ಮುಂದೆ ಕೂತ. ಗಾಡಿ ಬೀದಿಗಿಳಿದು, ಅಂಗಡಿಸಾಲು ದಾಟಿ, ಸೇತುವೆಯ ಮೇಲೆ ನುಣ್ಣಗೆ ಓಡಿತು. ಎಲ್ಲಿಯೂ ಒಂದು ಕಿರುಗುಟ್ಟುವಿಕೆಯಿಲ್ಲ. ಅಮ್ಮ ಮುಂದಕ್ಕೆ ಬಾಗಿದಳು.

"ನಿಮಗೆ ತೊಂದರೆ ಕೊಟ್ವೇನಪ್ಪಾ?"

"ಇಲ್ಲಮ್ಮ..."

"ನಿಧಾನಕ್ಕೆ ಹೋಗಿ. ಮನೇಲಿ ನಿಮ್ಮ ತಾಯಿ ಕಾಯ್ತಾ ಇರ್ತಾರೆ."

ರಸ್ತೆ ಮಂಜುಮಂಜಾಯಿತು. ಅವನು ಕಣ್ಣು ಒರೆಸಿಕೊಳ್ಳಲಿಲ್ಲ, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡ.

"ಹೂಂ ಅಮ್ಮ... ಕಾಯ್ತಾ ಇರ್ತಾರೆ."