ಬೆಳಕಿಗೆ ಹಿಡಿದ ಹಾಳೆ

ಮೂರನೇ ಮಹಡಿಯಲ್ಲೇ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು!

ಲಿಫ್ಟ್ ಕೆಟ್ಟಿತ್ತು. ಎರಡೆರಡು ಮೆಟ್ಟಿಲು ಹಾರಿ ಐದನೇ ಮಹಡಿ ತಲುಪಿದೆ. ಹಾಡಹಗಲು ಹನ್ನೊಂದು ಗಂಟೆ. ರಾದೊಸ್ತಿನಾಳ ಬಾಗಿಲ ಮುಂದೆ ಗ್ರೋಜ್ದಾನ್... ಕೈಯಲ್ಲಿ ಕ್ಯಾನು!

"ಏಯ್! ಇಡೋ ಕೆಳಗೆ!"

ಹಲ್ಲು ಕಿರಿದ. "ಓಹೋ, ಜಹಾರಿಯಣ್ಣ! ವಿಳಾಸ ಕೊಟ್ಟೋರೇ ಬಂದ್ಬಿಟ್ರಲ್ಲ!"

ಸುಳ್ಳಲ್ಲ. ಅದನ್ನೂ ಹೇಳಿಬಿಡ್ತೀನಿ, ಕೇಳಿ.

ನಾನು ಮಾಜಿ ಪೊಲೀಸ್. ಈಗ ಕರೆದವರ ಕೆಲಸ ಮಾಡ್ತೀನಿ. ಹೋದ ತಿಂಗಳು ಕರೆದವನು ಕಲ್ಲುಕ್ವಾರಿ ಧಣಿ ದ್ರುಮೇವ್. ಪುರಸಭೆಯ ಇನ್ಸ್‌ಪೆಕ್ಟರ್ ರಾದೊಸ್ತಿನಾ ಅವನ ಕ್ವಾರಿಗೆ ಬೀಗ ಜಡಿದಿದ್ದಳು. ಅವಳ ಕಿಟಕಿಗಳು ಪುಡಿಯಾದವು. ಮನೆ ಬದಲಿಸಿದಳು. ಮತ್ತೆ ಪುಡಿಯಾದವು.

"ಈಗೆಲ್ಲಿದ್ದಾಳೆ ಹುಡುಕು. ಎರಡು ಮಾತಾಡ್ಬೇಕು, ಅಷ್ಟೇ" ಅಂದ.

ನಂಬಿದೆ. ಅಲ್ಲ... ನಂಬಿದ ಹಾಗೆ ನಟಿಸಿದೆ.

ನಮ್ಮೂರ ಡ್ಯಾನ್ಯೂಬ್ ನದಿ ಉಕ್ಕಿದರೆ ಯಾವ ನೌಕರರನ್ನು ಎಲ್ಲಿಂದ ಕರೆಸಬೇಕು ಅನ್ನೋ ಪಟ್ಟಿ ಪುರಸಭೆಯಲ್ಲಿರುತ್ತೆ. ಮಾಹಿತಿ ಅರ್ಜಿ ಹಾಕಿದೆ. ಯಾರು ಬೇಕಾದರೂ ಕೇಳಬಹುದು. ಆದರೆ ಮನೆ ವಿಳಾಸ, ಗುರುತಿನ ಸಂಖ್ಯೆ ಮುಚ್ಚಿಯೇ ಕೊಡಬೇಕು. ಗುಮಾಸ್ತ ಮೆತೋದಿ ಮಾಮ ಸ್ಕೇಲ್ ಇಟ್ಟು, ಕಪ್ಪು ಮಾರ್ಕರ್ ಎಳೆದು ಎಲ್ಲಾ ಮುಚ್ಚಿದ್ದ. ಅದರ ಜೆರಾಕ್ಸ್ ಕೊಡೋದು ನಿಯಮ.

"ಟೋನರ್ ಮುಗಿದು ಎರಡು ತಿಂಗಳಾಯ್ತು ಕಣಯ್ಯಾ. ಇದನ್ನೇ ತಗೊಂಡ್ಹೋಗು. ಸರಿಯಾಗಿ ಮುಚ್ಚಿದೀನಿ ತಾನೇ? ಪಾಪ, ಕಷ್ಟದಲ್ಲಿರೋ ಹೆಣ್ಣುಮಗಳು."

"ಚೆನ್ನಾಗಿ ಮುಚ್ಚಿದೀಯ ಮಾಮ" ಅಂದೆ.

ಕಾರಿಡಾರಿಗೆ ಬಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮಾರ್ಕರ್ ಅಡಿಯಲ್ಲಿ ಒಂದೊಂದು ಅಕ್ಷರವೂ ಕಾಣುತ್ತಿತ್ತು! ಫೋನಿನಲ್ಲೇ ದ್ರುಮೇವ್‌ಗೆ ಓದಿ ಹೇಳಿದೆ. ಥೂ! ಈಗಲೂ ಹೇಸಿಗೆಯಾಗುತ್ತೆ.

ಇವತ್ತು ಬಂಕಿನಲ್ಲಿ ಅವನ ಆಳು ಗ್ರೋಜ್ದಾನ್ ಕಂಡ. ಕಾರಿಗಲ್ಲ, ಕ್ಯಾನಿಗೆ ತುಂಬಿಸುತ್ತಿದ್ದ. ಬೆನ್ನು ಹತ್ತಿದೆ... ಎರಡು ಸಿಗ್ನಲ್ ಹಾರಿಸಿದೆ... ಆದರೂ ಅವನೇ ಮುಂದೆ.

ಬಾಗಿಲಿಗೆ ಆಗಲೇ ಪೆಟ್ರೋಲ್ ಸುರಿದಾಗಿತ್ತು. ಗ್ರೋಜ್ದಾನ್ ಲೈಟರ್ ತೆಗೆದ.

ನಾನು ತಲೆ ಬಗ್ಗಿಸಿ ಅವನ ಹೊಟ್ಟೆಗೆ ನುಗ್ಗಿದೆ! ಇಬ್ಬರೂ ಮೆಟ್ಟಿಲುರುಳಿದೆವು. ಲೈಟರ್ ಕೆಳಗೆಲ್ಲೋ ಬಿತ್ತು. ನನ್ನ ಒಂದು ಹಲ್ಲೂ ಹೋಯಿತು.

"ಧಣಿ ನಿನ್ನ ಸುಮ್ನೆ ಬಿಡಲ್ಲ!" ಅನ್ನುತ್ತಾ ಕುಂಟಿಕೊಂಡು ಓಡಿದ.

ಮತ್ತೆ ಮೇಲೆ ಹತ್ತಿದೆ. ಬಾಗಿಲೊಳಗಿನಿಂದ ಮೆಣಸಿನಕಾಯಿ ಸುಡುವ ಘಾಟು ಬರುತ್ತಿತ್ತು.

"ಮೇಡಂ! ಒಲೆ ಆರಿಸಿ! ಮೊದಲು ಒಲೆ ಆರಿಸಿ!"

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಐವತ್ತರ ಹೆಂಗಸು. ದನಿ ಗಟ್ಟಿಯಾಗಿತ್ತು.

"ಜಹಾರಿ ಅವ್ರು ತಾನೇ?"

"ನಿಮಗೆ... ಹೇಗೆ ಗೊತ್ತು?"

"ಅವನು ಹೆಸರು ಕೂಗಿದ್ದು ಕೇಳಿಸ್ತು" ಅಂದು ಬೀರುವಿನಿಂದ ಒಂದು ಪತ್ರ ತಂದಳು. ಯಾರಾದರೂ ನೌಕರರ ವಿವರ ಕೇಳಿದರೆ ಆ ನೌಕರರ ಒಪ್ಪಿಗೆ ಕೇಳಿ ಪುರಸಭೆ ಕಳಿಸುವ ಪತ್ರ. ಅರ್ಜಿದಾರ ಅಂತ ನನ್ನ ಪೂರ್ತಿ ಹೆಸರು.

"ಇವನಿಗೆ ಕೊಡ್ಬೇಡಿ ಅಂತ ಬರೆದೆ. ಮುಚ್ಚಿಯೇ ಕೊಟ್ವಿ ಅಂದ್ರು. ಹೇಗೆ ಓದಿದ್ರಿ?"

"ಬೆಳಕಿಗೆ ಹಿಡಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೂರನೇ ಮನೆ ಇದು. ಪರದೆ ಕೂಡ ಇನ್ನೂ ಹೊಲಿಸಿಲ್ಲ" ಅಂದು ನನ್ನ ಬಾಯಿಯ ರಕ್ತಕ್ಕೆ ಟವೆಲ್ ಕೊಟ್ಟಳು. ತಲೆಯೆತ್ತಿ ಅವಳ ಮುಖ ನೋಡಲಾಗಲಿಲ್ಲ.

ನೇರ ಪೊಲೀಸ್ ಠಾಣೆಗೆ ಹೋದೆ. ನಾನು ಮಾಡಿದ್ದು, ದ್ರುಮೇವ್ ಮಾಡಿಸಿದ್ದು, ಎಲ್ಲಾ ಬರೆದುಕೊಟ್ಟೆ. ಕೆಳಗೆ ನನ್ನ ಹೆಸರು, ಮನೆ ವಿಳಾಸ, ಗುರುತಿನ ಸಂಖ್ಯೆ.

ಠಾಣೆಯವನು ಕಪ್ಪು ಮಾರ್ಕರ್ ಕೈಗೆತ್ತಿಕೊಂಡ. "ಇದರ ಪ್ರತಿ ದ್ರುಮೇವ್ ವಕೀಲರಿಗೂ ಹೋಗತ್ತೆ. ವಿಳಾಸ ಮುಚ್ಚಲಾ?"

"ಬೇಡ ಬಿಡಿ ಸಾರ್" ಅಂದೆ. "ಕಿಟಕಿಗೆ ಹಿಡಿದು ಓದೋ ಕಷ್ಟ ಅವರಿಗ್ಯಾಕೆ!"