ಡಬ್ಬದೊಳಗಿನ ಗಿಟಕು

ಮನೆಯ ಮುಂಗೋಣೆಯ ಹೊಲಿಗೆ ಅಂಗಡಿಯಲ್ಲಿ ನಸೀಮ್ ಬಾನು ರವಿಕೆಯ ಎಡತೋಳಿಗೆ ಪೈಪಿಂಗ್ ಕೂರಿಸುತ್ತಿದ್ದಳು. ಹನ್ನೊಂದು ರವಿಕೆಗಳಲ್ಲಿ ಇದು ಆರನೆಯದು. ಇವನ್ನು ಹೊಲಿಯುವುದು ಬೇಡವೆಂದು ಹಾಲ್ಕುರಿಕೆಯ ಮದುವೆ ಮನೆಯಿಂದ ಫೋನು ಬಂದು ಎರಡು ದಿನವಾಗಿತ್ತು. ಆದರೂ ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲವೆಂದು ಮೆಷಿನ್ ತುಳಿಯುತ್ತಲೇ ಇದ್ದಳು.

ಗೋಡೆಯಾಚೆಯಿಂದ ಪುಟ್ಟಗೌರಮ್ಮನ ಟ್ಯೂಷನ್ ಕೇಳುತ್ತಿತ್ತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದವರು. ತಿಪಟೂರಿನ ಆ ಬೀದಿಯಲ್ಲಿ ಏನೇ ಕಳೆದರೂ ಜನ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಅವತ್ತಿನ ಪದ ‘ಡಿಸ್ಕವರ್’. ಅದರ ಒಡಹುಟ್ಟಿದ ಪದಗಳನ್ನೆಲ್ಲ ಬರೆಸುತ್ತಿದ್ದರು: ಫೈಂಡ್, ಡಿಟೆಕ್ಟ್, ಅನ್‌ಕವರ್. ಎಲ್ಲಕ್ಕೂ ‘ಕಂಡುಹಿಡಿ’ ಅಂತ ಒಂದೇ ಅರ್ಥ ಬರೆದ ಹುಡುಗಿಗೆ ಮೆಲ್ಲಗೆ ಗದರಿದರು. ದಾರಿಯಲ್ಲಿ ತಾನಾಗಿ ಸಿಗೋದು ಒಂದು, ಸುಳಿವಿನ ಬೆನ್ನು ಹತ್ತೋದು ಇನ್ನೊಂದು, ಮುಚ್ಚಿಟ್ಟಿದ್ದನ್ನ ತೆಗೆದು ತೋರಿಸೋದು ಮತ್ತೊಂದು ಕಣೇ, ಎಂದರು.

ಮಕ್ಕಳು ಹೋದ ಮೇಲೆ ನಸೀಮ್ ಆ ಬಾಗಿಲಿಗೆ ಹೋದಳು. ಕೂತವಳು ಎಲ್ಲ ಹೇಳಿದಳು. ಮಂಗಳವಾರ ಮಗಳು ಅಮ್ನಾ, ಹಾಲ್ಕುರಿಕೆಯ ವೀರಭದ್ರಯ್ಯನವರ ಮನೆಗೆ ಮದುಮಗಳು ಜೀವಿತಾಳ ಅಳತೆ ತೆಗೆಯಲು ಹೋಗಿದ್ದಳು. ಬೆಳಿಗ್ಗೆ ಬೀರುವಿನಲ್ಲಿದ್ದ ಚಿನ್ನದ ಗುಂಡಿನ ಸರ ಸಂಜೆ ಇರಲಿಲ್ಲ. ಬುಧವಾರ ಮನೆಯೊಡತಿ ಶಾಂತಕುಮಾರಿ ಫೋನಿನಲ್ಲಿ ರವಿಕೆ ಬೇಡವೆಂದ ಮೇಲೆ ಹೇಳಿದ್ದು ಇಷ್ಟೇ: “ಯಾರ್ಗೂ ಹೇಳಾಕಿಲ್ಲ ಕಣ್ರೀ, ತಂದು ಇಟ್ಟುಬುಡಿ. ಸೋಮವಾರದ ತನಕ ನೋಡ್ತೀವಿ. ಆಮೇಲೆ ಸ್ಟೇಷನ್ನು.” ಆದರೂ ಮಾತು ಬಸ್ಸು ಹತ್ತಿ ಊರಿಗೆ ಬಂದಿತ್ತು. ಬೇರೆ ಇಬ್ಬರು ಬಟ್ಟೆ ವಾಪಸು ಒಯ್ದಿದ್ದರು. ಅಮ್ನಾ ಅನ್ನದ ತಟ್ಟೆಯ ಮುಂದೆ ಕೂರುತ್ತಿದ್ದಳು, ಏಳುತ್ತಿದ್ದಳು, ಅಷ್ಟೆ.

ಪುಟ್ಟಗೌರಮ್ಮ ಅಮ್ನಾಳ ಅಳತೆ ಚೀಲ ತರಿಸಿದರು. ಟೇಪು, ಚಾಕ್‌ಪೀಸು, ನೋಟ್‌ಬುಕ್ಕು ತೆಗೆದಿಟ್ಟರು. ಆಮೇಲೆ ಚೀಲದ ಒಳಗಿನ ಅಸ್ತರಿನ ಹೊಲಿಗೆಯ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದು, ನಸೀಮಳ ಮುಖ ನೋಡಿ ವಾಪಸು ಕೊಟ್ಟರು. ನಸೀಮ್ ಅದನ್ನು ತಟ್ಟನೆ ಮಡಿಲಿಗೆ ಎಳೆದುಕೊಂಡಳು.

“ನಾಳೆ ಹಾಲ್ಕುರಿಕೆಗೆ ಹೋಗಿಬರೋಣ. ಜೀವಿತಾ ನನ್ನ ಶಿಷ್ಯೆ. ಮದುವೆ ಹುಡುಗೀನ ಮಾತಾಡಿಸೋಕೆ ಯಾರು ಬೇಡ ಅಂತಾರೆ?”

ಶನಿವಾರ ಆ ಮನೆಯ ಪಡಸಾಲೆಯಲ್ಲಿ ನಸೀಮ್ ಗೋಡೆಗೆ ಒತ್ತಿಕೊಂಡೇ ಕೂತಿದ್ದಳು. ಶಾಂತಕುಮಾರಿ ಅವಳ ಕಡೆ ನೋಡದೆ ಇಬ್ಬರಿಗೂ ದೋಸೆ, ಚಟ್ನಿಪುಡಿ ಕೊಟ್ಟಳು. ಪುಟ್ಟಗೌರಮ್ಮ ಸರದ ಸುದ್ದಿಯನ್ನೇ ಎತ್ತಲಿಲ್ಲ. ಚಟ್ನಿಪುಡಿ ಹೊಗಳಿದರು. ಕೊಬ್ಬರಿ ಘಮಘಮ ಅನ್ನುತ್ತಿದೆ, ಎಲ್ಲಿಯದು ಎಂದರು. ಬುಧವಾರ ಡಬ್ಬ ತೆಗೆದರೆ ಇಡೀ ಗಿಟಕು, ಹೋಳಾಗದ ಉಂಡೆ ಕೊಬ್ಬರಿ, ಒಂದು ಕೂತಿತ್ತು, ಒಂದು ಚೂರೂ ಮುಕ್ಕಾಗಿರಲಿಲ್ಲ, ಯಾರು ಇಟ್ಟರೋ ಎಂದಳು ಶಾಂತಕುಮಾರಿ.

ವೀರಭದ್ರಯ್ಯ ಅಟ್ಟದ ಕಡೆ ಕೈತೋರಿಸಿ ಹೆಮ್ಮೆಯಿಂದ ಹೇಳಿಕೊಂಡರು. ಎಡಕ್ಕಿರುವುದು ಹೋದ ವರ್ಷದ ರಾಶಿ, ಒಣಗಿ ಕೊಬ್ಬರಿಯಾಗಿದೆ. ಸೋಮವಾರ ಪೂಜೆ ಮಾಡಿಯೇ ಇಳಿಸುವುದು. ಅಪ್ಪನ ಕಾಲದಿಂದಲೂ ಅದಕ್ಕೆ ಮುಂಚೆ ಒಂದು ಕಾಯಿಯನ್ನೂ ಸುಲಿದಿಲ್ಲ. ಬಲಕ್ಕಿರುವುದು ಹೋದ ತಿಂಗಳು ಏರಿಸಿದ ಹೊಸ ರಾಶಿ, ಬರುವ ವರ್ಷದವರೆಗೂ ಮುಟ್ಟುವಂತಿಲ್ಲ. ಏಣಿ ಗೋಡೆಯಷ್ಟೇ ನೆಟ್ಟಗಿತ್ತು. ಮಂಡಿನೋವಿನಿಂದಾಗಿ ತಾನು ಅದನ್ನು ಹತ್ತಿ ಮೂರು ವರ್ಷವಾಯಿತು ಎಂದಳು ಶಾಂತಕುಮಾರಿ.

ಹೊರಡುವಾಗ ಮಡಿಲು ತುಂಬಲು ಕಾಯಿ ಬೇಕಾಯಿತು. ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುವ, ಶಾಂತಕುಮಾರಿಯ ಮೈದುನನ ಮಗ ಉಜ್ವಲ್ ಹಿತ್ತಲಿನ ಕಾಯಿಯೊಂದನ್ನು ಸುಲಿಯಲು ಹೋಗಿ ಕೈ ಗೀರಿಕೊಂಡ, ಇನ್ನೊಂದನ್ನು ಒಡೆದು ನಾಲ್ಕು ಹೋಳು ಮಾಡಿದ.

“ತೆಂಗಿನ ಸೀಮೇಲಿ ಹುಟ್ಟಿ ಕಾಯಿ ಸುಲಿಯಕ್ಕೆ ಬರದವನು ನೀನೊಬ್ನೇ ಕಣ್ಲಾ,” ಎಂದಳು ಶಾಂತಕುಮಾರಿ.

“ಜೀವಿತಕ್ಕನಿಗೂ ಬರಲ್ಲ ದೊಡ್ಡಮ್ಮ. ಅವಳಿಗೆ ಯಾಕೆ ಬೈಯಲ್ಲ?”

ಬಚ್ಚಲೊಲೆಗೆ ಹಾಕಲು ಒಂದು ಚಿಪ್ಪೂ ಇಲ್ಲ, ಎಲ್ಲ ಹೋದ ತಿಂಗಳೇ ಇದ್ದಿಲು ಸುಡುವವರು ಒಯ್ದರು, ಸೋಮವಾರ ಸುಲಿದ ಮೇಲೇ ಇನ್ನು ಎಂದು ಶಾಂತಕುಮಾರಿ ಗೊಣಗಿದಳು. ಪುಟ್ಟಗೌರಮ್ಮ ಹಿತ್ತಲನ್ನೆಲ್ಲ ಒಂದು ಸುತ್ತು ಹಾಕಿ, ತೃಪ್ತಿಯಾದವರಂತೆ ಬಸ್ಸು ಹತ್ತಿದರು.

“ನಾಳೆ ಅಮ್ನಾನ್ನೂ ಕರ್ಕೊಂಡು ಬಾ,” ಎಂದರು. “ರವಿಕೆಗಳನ್ನೂ ತಾ.”

ಭಾನುವಾರ ಹನ್ನೊಂದು ಗಂಟೆಗೆ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಅಮ್ನಾ ಹೊಸ್ತಿಲ ಬಳಿಯೇ ನಿಂತಿದ್ದಳು. ಪುಟ್ಟಗೌರಮ್ಮ ಅವಳ ಕೈಹಿಡಿದು ಕರೆತಂದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ತರಗತಿಯಲ್ಲಿ ಮಾತಾಡುವಷ್ಟೇ ನಿಧಾನವಾಗಿ ಶುರುಮಾಡಿದರು.

“ನಂಗೆ ಮೊದಲು ಸಿಕ್ಕಿದ್ದು ಚಟ್ನಿಪುಡಿ, ಅದೂ ತಾನಾಗೇ. ಹೋದ ವರ್ಷ ಸುಲಿದಿಟ್ಟ ಕೊಬ್ಬರಿ ಆಗಿದ್ರೆ ಇಷ್ಟೊತ್ತಿಗೆ ಕಾರಲು ವಾಸನೆ ಬರ್ತಿತ್ತು. ಇದು ಈಗ ತಾನೇ ಸುಲಿದಿದ್ದು, ಅಟ್ಟದ ಎಡಗಡೆ ರಾಶೀದು. ಈ ಮನೇಲಿ ಪೂಜೆಗೆ ಮುಂಚೆ ಒಂದು ಕಾಯೀನೂ ಸುಲಿಯಲ್ಲ ಅಂತೀರಿ. ಅಂದ್ರೆ ಯಾರೋ ಕದ್ದು ಒಂದನ್ನ ಸುಲಿದವ್ರೆ.”

“ಒಂದು ಗಿಟಕು ತಿನ್ನೋಕೆ ಯಾರು ಕದೀತಾರೆ ಮಿಸ್?” ಜೀವಿತಾ ಕೇಳಿದಳು.

“ತಿಂದಿಲ್ವಲ್ಲ, ಡಬ್ಬದಲ್ಲಿ ಇಟ್ಟವ್ರೆ. ಹಂಗಾದ್ರೆ ಬೇಕಾಗಿದ್ದು ಕೊಬ್ಬರಿ ಅಲ್ಲ. ಹಿತ್ತಲೆಲ್ಲ ಹುಡುಕಿದೆ, ಒಣಗಿದ ಕಾಯಿಯ ಚಿಪ್ಪಿಲ್ಲ, ಸಿಪ್ಪೆ ಇಲ್ಲ. ಅವರಿಗೆ ಬೇಕಾಗಿದ್ದು ಚಿಪ್ಪೇ, ಸಿಪ್ಪೆ ಸಮೇತ. ಒಳಗೆ ಏನನ್ನೋ ಇಡೋಕೆ.”

ನಸೀಮ್ ಮಗಳ ಕಡೆ ನೋಡಿದಳು. ಅಮ್ನಾ ಮೊದಲ ಸಲ ತಲೆಯೆತ್ತಿ ಕೂತಿದ್ದಳು.

“ಹೊರಗಿನ ಕಳ್ಳ ಆಗಿದ್ರೆ ಆ ಗಿಟಕನ್ನ ಬೇಲಿಗೆ ಎಸೀತಿದ್ದ, ಇಲ್ಲ ಜೇಬಿಗೆ ಹಾಕ್ಕೋತಿದ್ದ. ಕೊಬ್ಬರಿ ಬಿಸಾಡೋಕೆ ಕೈಬರದೆ, ಅಡುಗೆಮನೆ ಡಬ್ಬಕ್ಕೇ ತಂದು ಹಾಕೋನು ಈ ಮನೆಯೋನೇ. ಅಮ್ನಾ ಬುಧವಾರ ಈ ಊರಿಗೇ ಬಂದಿಲ್ಲ. ಮಂಗಳವಾರಾನೂ ಜೀವಿತಾ ಪಕ್ಕ ಬಿಟ್ಟು ಕದಲಿಲ್ಲ. ಅಲ್ವೇನಮ್ಮ?”

“ಹೂಂ ಮಿಸ್. ನೀರು ಕುಡಿಯೋಕೂ ಎದ್ದಿಲ್ಲ.” ಜೀವಿತಾ ತಲೆ ತಗ್ಗಿಸಿದಳು. ಇದನ್ನು ಐದು ದಿನದಿಂದ ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಪುಟ್ಟಗೌರಮ್ಮ ಮುಂದುವರಿಸಿದರು. ಗಿಟಕಿಗೆ ಒಂದು ಗೀರೂ ಬೀಳದಂತೆ ಚಿಪ್ಪು ಬಿಡಿಸುವುದು ಪಳಗಿದ ಕೈಗೆ ಮಾತ್ರ ಸಾಧ್ಯ. ಉಜ್ವಲ್‌ನ ಕೈ ನಿನ್ನೆ ನೋಡಿದ್ದಾಯಿತು, ಜೀವಿತಾಳದ್ದು ಅವನೇ ಹೇಳಿದ. ಶಾಂತಕುಮಾರಿಗೆ ಕೈಯಿದೆ, ಏಣಿ ಹತ್ತುವ ಮಂಡಿಯಿಲ್ಲ. ಇನ್ನು ಮುಚ್ಚಿಟ್ಟ ಜಾಗ. ನಾಳೆ ಇಳಿಯುವ ಹಳೆಯ ರಾಶಿಯಲ್ಲಿ ಯಾರೂ ಇಡುವುದಿಲ್ಲ. ಮದುವೆ ಮುಗಿಯುವವರೆಗೂ ಯಾರೂ ಮುಟ್ಟದ್ದು ಹೊಸ ರಾಶಿ.

“ಅದರಲ್ಲಿ ಎಲ್ಲಾ ಕಾಯಲ್ಲೂ ಇನ್ನೂ ನೀರಿದೆ. ಒಂದನ್ನ ಬಿಟ್ಟು. ಹತ್ತಮ್ಮ ಜೀವಿತಾ, ಒಂದೊಂದೇ ಅಲ್ಲಾಡಿಸಿ ಕಿವಿಗೆ ಹಿಡಿ.”

ಜೀವಿತಾ ಚೂಡಿದಾರದ ದುಪಟ್ಟಾ ಬಿಗಿದು ಏಣಿ ಹತ್ತಿದಳು. ಮೇಲಿನಿಂದ ಗುಳುಗುಳು ಸದ್ದು, ಮತ್ತೆ ಗುಳುಗುಳು. ಕೆಳಗೆ ಎಲ್ಲರೂ ಕತ್ತೆತ್ತಿ ಕೂತಿದ್ದರು. ವೀರಭದ್ರಯ್ಯ ಮಾತ್ರ ನೆಲ ನೋಡುತ್ತಿದ್ದರು. ಅರ್ಧಗಂಟೆಯ ಬಳಿಕ ಮೇಲೆ ಸದ್ದು ನಿಂತಿತು.

“ಇದು ಮಾತೇ ಆಡ್ತಿಲ್ಲ ಮಿಸ್.”

ಬೂದುಬಣ್ಣಕ್ಕೆ ತಿರುಗಿದ ಒಂದು ಕಾಯಿ ಕೆಳಗೆ ಬಂತು. ಸಿಪ್ಪೆಯ ಒಂದು ಮಗ್ಗುಲು ಮುಚ್ಚಳದಂತೆ ಎದ್ದಿತು. ಒಳಗೆ ನಾರು ತುರುಕಿದ ಚಿಪ್ಪು, ನಾರಿನ ನಡುವೆ ಗುಂಡಿನ ಸರ.

ವೀರಭದ್ರಯ್ಯ ಬಾಯಿಬಿಟ್ಟರು. ಸಾಯುವಾಗ ಅವರ ತಾಯಿ, ಸರ ಹುಳಿಯಾರಿನಲ್ಲಿರುವ ತಮ್ಮ ಮಗಳಿಗೆ, ಇವರ ಒಡಹುಟ್ಟಿದವಳಿಗೆ, ಸೇರಲಿ ಅಂದಿದ್ದರು. ಇವರು ಹೂಂ ಅಂದಿದ್ದರು. ಹೆಂಡತಿ ಅದನ್ನು ಜೀವಿತಾಳಿಗೆಂದು ತೆಗೆದಿಟ್ಟಾಗಲೂ ಹೂಂ ಅಂದಿದ್ದರು. ಮದುವೆ ಮುಗಿದ ಮೇಲೆ ಹುಳಿಯಾರಿಗೆ ತಲುಪಿಸೋಣವೆಂದು ಮುಚ್ಚಿಟ್ಟಿದ್ದರು.

“ಆ ಹುಡುಗಿ ಹೆಸ್ರು ನಾನು ಎತ್ತಲಿಲ್ಲ ತಾಯಿ,” ಎಂದರು.

“ಎತ್ತಲಿಲ್ಲ. ಅವಳಲ್ಲ ಅಂತಾನೂ ಅನ್ನಲಿಲ್ಲ.”

ಶಾಂತಕುಮಾರಿ ಗಂಡನ ಕಡೆ ನೋಡಲಿಲ್ಲ. ಎದ್ದು ಬಂದು ಅಮ್ನಾಳ ಮುಂದೆ ಕೈಜೋಡಿಸಿದಳು. ಫೋನಿನಲ್ಲಿ ಯಾರ್‍ಯಾರಿಗೆ ಹೇಳಿದ್ದಳೋ ಅವರಿಗೆಲ್ಲ ಅಲ್ಲೇ, ಎಲ್ಲರೂ ಕೇಳುವಂತೆ, ಒಬ್ಬೊಬ್ಬರಿಗೇ ಫೋನು ಮಾಡಿ ತಪ್ಪು ತನ್ನದೆಂದಳು. ಏಳು ಜನ. ಏಳನೆಯವರು ಮುಗಿಯುವ ಹೊತ್ತಿಗೆ ಅಮ್ನಾ ಟೇಪು ತೆಗೆದಿದ್ದಳು.

“ಬಾ ಜೀವಿತಕ್ಕ, ಆರು ರವಿಕೆ ಆಗವೆ. ತೋಳು ಹಾಕಿ ನೋಡೋಣ.”

ಅವರು ಊರಿಗೆ ಮರಳಿದ್ದು ಮಧ್ಯಾಹ್ನದ ಬಸ್ಸಿನಲ್ಲಿ. ಅಮ್ನಾ ಮುಂದಿನ ಸೀಟಿನಲ್ಲಿ ಶಾಂತಕುಮಾರಿ ಕೊಟ್ಟ ಹೋಳಿಗೆ ತಿನ್ನುತ್ತಿದ್ದಳು. ಪುಟ್ಟಗೌರಮ್ಮ ಕಿಟಕಿಯ ಕಡೆ ಮುಖಮಾಡಿಯೇ ಹೇಳಿದರು: “ನಸೀಮಾ, ಕಂಡಿದ್ದನ್ನ ಯಾರಿಗೂ ಹೇಳ್ದೆ ಒಳಗಿಟ್ಕೊಳೋದಕ್ಕೆ ಇಂಗ್ಲಿಷ್‌ನಲ್ಲಿ ಒಂದು ಪದ ಹುಡುಕ್ತಾ ಇದ್ದೀನಿ. ಇನ್ನೂ ಸಿಕ್ಕಿಲ್ಲ ಕಣೇ.”

ನಸೀಮ್ ಮಡಿಲಲ್ಲಿದ್ದ ಅಳತೆ ಚೀಲದ ಬಾಯಿ ಮುಚ್ಚಿದಳು. ಫೋನು ಬಂದ ಬುಧವಾರ, ಮಗಳು ಸ್ನಾನಕ್ಕೆ ಹೋಗಿದ್ದಾಗ, ಅವಳು ಆ ಚೀಲದ ಅಸ್ತರು ಬಿಚ್ಚಿ ನೋಡಿದ್ದಳು. ಏನೂ ಸಿಗದಿದ್ದಾಗ ಉಸಿರುಬಿಟ್ಟು, ಬೇಗಬೇಗ ಮತ್ತೆ ಹೊಲಿದಿದ್ದಳು. ತಾನೂ ಅನುಮಾನಪಟ್ಟಿದ್ದೆನೆಂದು ಮಗಳಿಗೆ ಇನ್ನೂ ಹೇಳಿರಲಿಲ್ಲ.

ಮನೆಗೆ ಬಂದು ಅಮ್ನಾ ಮಲಗಿದ ಮೇಲೆ ನಸೀಮ್ ಅವಳ ಚೀಲ ತೆಗೆದುಕೊಂಡು ಮೆಷಿನ್ ಮುಂದೆ ಕೂತಳು. ಅವಸರದ ಆ ಹೊಲಿಗೆಯನ್ನು ಬಿಚ್ಚಿದಳು. ಅಸ್ತರಿನ ಒಳಗೆ, ಅದೇ ಜಾಗದಲ್ಲಿ, ಸಣ್ಣದೊಂದು ಜೇಬು ಕೂರಿಸಿದಳು. ಇಪ್ಪತ್ತು ವರ್ಷದಿಂದ ತನ್ನ ಸೊಂಟದಲ್ಲೇ ಇದ್ದ ಅಂಗಡಿಯ ಬೀಗದಕೈ ಅದರಲ್ಲಿ ಸರಿಯಾಗಿ ಹಿಡಿಯಿತು.